ಹಬ್ಬದ ಬೆಳಗಿಗೆ ತಂಗಳ ಬ್ರೆಡ್ಡು

ನಮ್ಮ ಬ್ಯಾಂಕಿನವರ ಭಾಷೆಯಲ್ಲಿ ‘ಸ್ಟೇಲ್ ಚೆಕ್’ ಅಂತ ಒಂದು ಮಾತಿದೆ. ಅವಧಿ ಮೀರಿದ ಚೆಕ್ಕು. ಮೊದಲು ಆರು ತಿಂಗಳು ನಡೀತಿತ್ತು, 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ಅದನ್ನು ಮೂರೇ ತಿಂಗಳಿಗೆ ಇಳಿಸಿತು. ಮಗಳ ಮದುವೆಯಲ್ಲಿ ಯಾರೋ ಕೊಟ್ಟ ಚೆಕ್ಕನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟು ಮರೆತು, ಮುಂದಿನ ಮದುವೆಗೆ ಸೀರೆ ತೆಗೆದಾಗ ನೆನಪಾಗಿ ಗಾಬರಿಯಿಂದ ಓಡಿ ಬರುವವರು ಈಗಲೂ ಇದ್ದಾರೆ. ಅವರಿಗೆ ನಾನು ಹೇಳೋದು ಒಂದೇ ಮಾತು: "ಅಮ್ಮಾ, ದುಡ್ಡು ಎಲ್ಲೂ ಹೋಗಿಲ್ಲ. ಹಾಳಾದದ್ದು ಈ ಕಾಗದ ಮಾತ್ರ. ಕೊಟ್ಟವರ ಹತ್ತಿರ ಹೋಗಿ ತಾರೀಖು ತಿದ್ದಿಸಿ ಸಹಿ ಹಾಕಿಸಿಕೊಂಡು ಬನ್ನಿ."

ಮೂವತ್ತು ವರ್ಷದ ಮೇಲೆ ಇದನ್ನೇ ಹೇಳ್ತಾ ಬಂದ ನನಗೆ, ತಂಗಳದ್ದೂ ಹೆಚ್ಚು ಕಡಿಮೆ ಇದೇ ಲೆಕ್ಕ ಅಂತ ತಿಳಿದದ್ದು ಮಾತ್ರ ಐವತ್ತೈದು ದಾಟಿದ ಮೇಲೆ. ಅದೂ ಒಂದು ಬ್ರೆಡ್ಡಿನಿಂದ! ಇವತ್ತು ಆ ಕಥೆ.

ನಾವಿರೋದು ಬೊರಿವಲಿಯ ಐ.ಸಿ. ಕಾಲೊನಿಯಲ್ಲಿ. 1993ರಲ್ಲಿ ಗದಗಿನ ಕಡೆಯಿಂದ ಟ್ರಾನ್ಸ್‌ಫರ್ ಆಗಿ ಮುಂಬಯಿಗೆ ಬಂದವನು, "ಮೂರು ವರ್ಷ ಅಷ್ಟೇ, ಆಮೇಲೆ ಊರಿಗೆ" ಅಂತ ಹೇಳ್ತಾ ಹೇಳ್ತಾ ಇಲ್ಲೇ ಬೇರು ಬಿಟ್ಟೆ. (ಇದನ್ನು ಓದ್ತಿರೋ ನಿಮ್ಮಲ್ಲಿ ಅರ್ಧ ಜನ ಈಗ ನಗ್ತಿದ್ದೀರಿ, ಗೊತ್ತು.) ನಮ್ಮ ಕಟ್ಟಡದಲ್ಲಿ ನಾವು, ಮೂರನೇ ಮಹಡಿಯಲ್ಲಿ ಒಂದು ಗುಜರಾತಿ ಕುಟುಂಬ, ಕೆಳಗೆ ಮರಾಠಿಯವರು, ಎರಡನೇ ಮಹಡಿಯಲ್ಲಿ ಮಂಗಳೂರಿನ ಕ್ಯಾಥೊಲಿಕ್ ಆಂಟಿ. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ನಮ್ಮ ಮಕ್ಕಳು ಆಂಟಿ ಅಂತ ಕರೆದದ್ದೇ ಎಲ್ಲರ ಬಾಯಲ್ಲೂ ಉಳಿಯಿತು. ನನ್ನ ಗದಗಿನ ಕನ್ನಡ, ಅವರ ಮಂಗಳೂರು ಕನ್ನಡ. ಮೊದಮೊದಲು ನಾನು "ಹೌದ್ರಿ" ಅಂದರೆ ಅವರು, ಅವರು "ಉಂಟು ಮಾರಾಯರೆ" ಅಂದರೆ ನಾನು ನಗ್ತಿದ್ದೆವು. ಈಗ ಇಬ್ಬರಿಗೂ ಅಭ್ಯಾಸವಾಗಿದೆ.

ಪ್ರತಿ ಡಿಸೆಂಬರಿನಲ್ಲಿ ಆಂಟಿ ಮನೆಯಿಂದ ಕುಸ್ವಾರ್ ತಟ್ಟೆ ಬರುತ್ತೆ. ಕಿಡ್ಯೊ, ನೆವ್ರಿ, ಗುಲಿಯೊ... ನಮ್ಮ ಕರ್ಚಿಕಾಯಿಯ ಅಣ್ಣತಮ್ಮಂದಿರೇ ಎಲ್ಲ. 2022ರ ಕ್ರಿಸ್‌ಮಸ್‌ಗೆ ಅವರ ಮಗಳು ಕೆನಡಾದಿಂದ ಬಂದಿದ್ದಳು. ಅಂಕಲ್ ತೀರಿಕೊಂಡ ಮೇಲೆ ಮನೆ ತುಂಬಿದ್ದು ಅದೇ ಮೊದಲು. ಹಿಂದಿನ ದಿನ ಸಂಜೆ ಲಿಫ್ಟಿನಲ್ಲಿ ಸಿಕ್ಕ ಆಂಟಿ, "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ತಿಂಡಿಗೆ ಬನ್ನಿ" ಅಂದರು.

ರಾತ್ರಿ ಚರ್ಚಿನ ಪೂಜೆ ಮುಗಿಸಿ ಬಂದು ಇವರೆಲ್ಲ ಮಲಗೋದೇ ಎರಡು ಗಂಟೆಗೆ. ಬೆಳಗ್ಗೆ ಒಂಬತ್ತಕ್ಕೆ ತಿಂಡಿ ಹೇಗೆ ಮಾಡ್ತಾರೋ ಅಂದುಕೊಂಡೇ ಹೋದೆವು. ಹೋಗಿ ನೋಡಿದರೆ ಆಂಟಿ ಹೊಸ ಬಟ್ಟೆ ಹಾಕಿಕೊಂಡು ಟೇಬಲ್ಲಿನ ಮುಂದೆ ಆರಾಮಾಗಿ ಕೂತಿದ್ದಾರೆ! ಅಡುಗೆಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಒವನ್ ಮಾತ್ರ ಉರೀತಾ ಇದೆ, ಮನೆ ತುಂಬ ಬೆಣ್ಣೆ ಈರುಳ್ಳಿ ಹುರಿದ ಘಮ.

"ಏನ್ರಿ ಆಂಟಿ, ಅಡುಗೆಮನೆ ಖಾಲಿ?" ಅಂದೆ.

"ನಾನು ಮಾಡಿದ್ದು ನಿನ್ನೆಯೇ. ಈಗ ಒವನ್ ಅದರ ಕೆಲಸ ಮಾಡ್ತದೆ. ನಾನು ಯಾಕೆ ನಿಂತುಕೊಳ್ಳಬೇಕು ಮಾರಾಯರೆ?"

ಆ ತಿಂಡಿಯ ಹೆಸರು ಸ್ಟ್ರಾಟಾ. ಲ್ಯಾಟಿನ್ನಿನಲ್ಲಿ ಪದರುಗಳು ಅಂತ ಅರ್ಥವಂತೆ. ಅಮೆರಿಕ, ಕೆನಡಾದಲ್ಲಿ ಕ್ರಿಸ್‌ಮಸ್ ಬೆಳಗಿಗೆ ಬಹಳ ಮನೆಗಳಲ್ಲಿ ಇದನ್ನೋ, ಇದರ ಸೋದರಿಯರನ್ನೋ ಮಾಡ್ತಾರೆ. ಒಂದು ದಿನ, ಎರಡು ದಿನ ಹಳೆಯ ಬ್ರೆಡ್ಡಿನ ತುಂಡುಗಳನ್ನು ಅಗಲ ಪಾತ್ರೆಯಲ್ಲಿ ಹರಡಿ, ನಡುನಡುವೆ ಚೀಸು, ಹುರಿದ ತರಕಾರಿ ಹಾಕಿ, ಮೇಲೆ ಹಾಲು ಮೊಟ್ಟೆ ಕಲಸಿ ಸುರಿದು, ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಯಲು ಬಿಡೋದು. ಬೆಳಗ್ಗೆ ಎದ್ದು ಒವನ್ನಿಗೆ ಇಟ್ಟರೆ ಮುಕ್ಕಾಲು ಗಂಟೆಯಲ್ಲಿ ಮೇಲೆ ಬಂಗಾರದ ಬಣ್ಣ, ಒಳಗೆ ಮೆತ್ತಗೆ. ಅಷ್ಟೇ. ಮಕ್ಕಳು ಉಡುಗೊರೆಯ ಪೊಟ್ಟಣ ಬಿಚ್ಚುವ ಹೊತ್ತಿಗೆ ಅಮ್ಮನೂ ಅಲ್ಲೇ ಇರಬೇಕಲ್ಲ, ಅದಕ್ಕೇ ಈ ಏರ್ಪಾಟು ಅಂತ ಆಂಟಿಯ ಮಗಳು ಹೇಳಿದಳು.

"ನಿಮಗೋಸ್ಕರ ಸಾಸೇಜ್ ಹಾಕಲಿಲ್ಲ, ಮೊಟ್ಟೆ ಮಾತ್ರ ಉಂಟು" ಅಂದರು ಆಂಟಿ. ನನ್ನ ಹೆಂಡತಿ ಬರೀ ಕೇಕು, ಕಿಡ್ಯೊ ತಿಂದಳು. ನಾನು ಕಿಟಕಿಯ ಕಡೆ ನೋಡ್ತಾ ಎರಡು ತುಂಡು ತಿಂದೆ. ಅವಳೂ ಬೇರೆ ಕಡೆ ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಹೊಂದಾಣಿಕೆಗಳು ಇದ್ದೇ ಇರ್ತಾವೆ.

ರುಚಿ ಚೆನ್ನಾಗಿತ್ತು. ಆದರೆ ಮನೆಗೆ ಬಂದ ಮೇಲೂ ತಲೆಯಲ್ಲಿ ಕೂತದ್ದು ರುಚಿಯಲ್ಲ, ಆಂಟಿಯ ಆ ಮಾತು. ನಾನು ಯಾಕೆ ನಿಂತುಕೊಳ್ಳಬೇಕು?

ನಮ್ಮವ್ವ ಒಂದು ಹಬ್ಬದ ಬೆಳಗ್ಗೆಯಾದರೂ ಕೂತದ್ದನ್ನು ನಾನು ನೋಡಿದ್ದೇನೆಯೇ ಅಂತ ನೆನಪು ಮಾಡಿಕೊಂಡೆ. ಇಲ್ಲ. ಹಬ್ಬ ಬಿಡಿ, ದಿನಾ ಬೆಳಗ್ಗೆಯೂ ಇಲ್ಲ. ಒಲೆಯ ಮುಂದೆ ಅವ್ವ, ಪಟಪಟ ಅಂತ ರೊಟ್ಟಿ ಬಡಿಯೋ ಸದ್ದು. ಅದೇ ನಮಗೆ ಅಲಾರಂ. ಹಂಚಿನಿಂದ ಇಳಿದ ಉಬ್ಬಿದ ರೊಟ್ಟಿ ಮೊದಲು ಅಪ್ಪನ ತಾಟಿಗೆ, ಆಮೇಲೆ ನಾವು ಮೂರು ಜನ ಗಂಡುಮಕ್ಕಳ ತಾಟಿಗೆ. ಎಲ್ಲರದೂ ಆದ ಮೇಲೆ ಅವ್ವ ರೊಟ್ಟಿ ಬುಟ್ಟಿಯ ತಳದಿಂದ ನಿನ್ನೆಯ ರೊಟ್ಟಿ ತೆಗೆದು, ಮೊಸರು ಶೇಂಗಾ ಚಟ್ನಿ ಹಚ್ಚಿಕೊಂಡು, ಒಲೆಯ ಪಕ್ಕದಲ್ಲೇ ಒಂದು ಮೊಣಕಾಲು ಮಡಚಿ ಕೂತು ತಿನ್ನೋದು. "ನೀ ಬಿಸೀದ ತಿನ್ನಬೇ" ಅಂದರೆ ಅವಳ ಉತ್ತರ ಯಾವಾಗಲೂ ಒಂದೇ: "ನನಗ ಬಿಸಿ ರೊಟ್ಟಿ ಸೇರೂದಿಲ್ಲೋ ತಮ್ಮಾ. ತಂಗಳ ರೊಟ್ಟಿ ತಿಂದ್ರ ಹೊಟ್ಟಿ ತಣ್ಣಗಿರತೈತಿ."

ನಾವು ನಂಬಿದೆವು. ನಲವತ್ತು ವರ್ಷ ನಂಬಿದೆವು. ಅವ್ವನಿಗೆ ಬಿಸಿ ಸೇರೋದಿಲ್ಲ ಅನ್ನೋದು ಅಪ್ಪನಿಗೆ ಹಾಗಲಕಾಯಿ ಸೇರೋದಿಲ್ಲ ಅನ್ನೋ ಹಾಗೆ ಮನೆಯ ಒಂದು ಸಂಗತಿ ಆಗಿತ್ತು.

ಅಪ್ಪ ಹೋದ ಮೇಲೆ 2014ರಲ್ಲಿ ಅವ್ವನನ್ನು ಮುಂಬಯಿಗೆ ಕರೆದುಕೊಂಡು ಬಂದೆವು. ಬಂದ ಎರಡನೇ ದಿನವೋ ಮೂರನೇ ದಿನವೋ, ನಾನು ಲೋಕಲ್ ಹಿಡಿಯೋ ಗಡಿಬಿಡಿಯಲ್ಲಿ ಬೂಟು ಹಾಕ್ತಿದ್ದೆ. ನನ್ನ ಹೆಂಡತಿ ಅವ್ವನನ್ನು ಟೇಬಲ್ಲಿಗೆ ಕೂರಿಸಿ ಗ್ಯಾಸಿನ ಮೇಲಿನ ರೊಟ್ಟಿಯನ್ನು ನೇರ ತಾಟಿಗೆ ಹಾಕಿದಳು, ಮೇಲೊಂದು ಚೂರು ಬೆಣ್ಣೆ. ಅವ್ವ ಸುಮ್ಮನೆ ತಿಂದಳು. ಎರಡನೆಯದೂ ತಿಂದಳು. ಆಮೇಲೆ ಮೆಲ್ಲಗೆ, "ಇನ್ನೊಂದ ಹಾಕವ್ವಾ" ಅಂದಳು.

ನಾನು ಒಂದು ಕಾಲಿಗೆ ಬೂಟು ಹಾಕಿಕೊಂಡವನು ಹಾಗೇ ನಿಂತೆ. "ಅವ್ವಾ, ನಿನಗ ಬಿಸಿ ಸೇರೂದಿಲ್ಲಲಾ?"

ಅವ್ವ ನಕ್ಕಳು. "ಅವಾಗ ಸೇರ್ತಿದ್ದಿಲ್ಲ. ಈಗ ಸೇರತೈತಿ."

ಆವತ್ತು ನನಗೂ ನಗು ಬಂತು, ಲೋಕಲ್ ಹಿಡಿಯಲು ಓಡಿದೆ. ದಾದರ್ ದಾಟುವ ಹೊತ್ತಿಗೆ ನಗು ಹೋಗಿತ್ತು. ಬಿಕಾಂ ಓದಿದವನು, ಹತ್ತು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಎಂಟರವರೆಗೆ ಕೂತು ವೋಚರ್ ಹುಡುಕಿದ ಕಾಲದವನು ನಾನು. ಐದು ಜನರ ಮನೆ, ನಿನ್ನೆಯ ರೊಟ್ಟಿ ದಿನಾ ಎರಡು ಉಳೀತಿತ್ತು, ಅದನ್ನು ದಿನಾ ಒಬ್ಬರೇ ತಿಂತಿದ್ದರು. ಇಷ್ಟು ಸರಳ ಲೆಕ್ಕ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ!

ಅವ್ವ 2020ರ ಜನವರಿಯಲ್ಲಿ ಹೋದಳು. ಆರು ವರ್ಷ ಬಿಸಿ ರೊಟ್ಟಿ ತಿಂದಳು ಅನ್ನೋದು ಸಮಾಧಾನ. ಆ ಸಮಾಧಾನ ನನ್ನ ಹೆಂಡತಿಯ ಕೈಯದು, ನನ್ನದೇನಿಲ್ಲ. ಮತ್ತೆ, ಅವ್ವನನ್ನು ಕೂರಿಸಿ ಬಡಿಸಿದ ಅವಳನ್ನು ಯಾರು ಕೂರಿಸಿದರು? ಆಂಟಿ ಮನೆಯಿಂದ ಬಂದ ಆ ಕ್ರಿಸ್‌ಮಸ್ ದಿನ ಈ ಪ್ರಶ್ನೆ ಎದ್ದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮನೆಯಲ್ಲೂ ದೀಪಾವಳಿಯ ಬೆಳಗ್ಗೆ ಅವಳು ನಾಲ್ಕಕ್ಕೆ ಏಳ್ತಾಳೆ. ಎಣ್ಣೆ, ನೀರು, ಆರತಿ, ತಿಂಡಿ. ನಾವೆಲ್ಲ ತಿಂದು ಫೋನ್ ಹಿಡಿದು ಶುಭಾಶಯ ಕಳಿಸುವಾಗ ಅವಳು ಅಡುಗೆಮನೆಯಲ್ಲಿ ನಿಂತೇ ತಣ್ಣಗಾದ ಉಪ್ಪಿಟ್ಟು ತಿಂತಿರ್ತಾಳೆ. ಕೇಳಿದರೆ, "ನನಗ ಈಗ ಹಸಿವಿಲ್ರಿ."

ಅದೂ ಎಲ್ಲೋ ಕೇಳಿದ ಮಾತಿನ ಹಾಗೇ ಇತ್ತು.

2023ರ ದೀಪಾವಳಿಗೆ ಒಂದು ವಾರ ಮೊದಲು ನಾನು ಘೋಷಿಸಿದೆ: ನರಕ ಚತುರ್ದಶಿಯ ಬೆಳಗಿನ ತಿಂಡಿ ನನ್ನದು. ತಂಗಳ ಬ್ರೆಡ್ಡಿನದು. ಹೆಂಡತಿ ಹೌಹಾರಿದಳು. "ಹಬ್ಬದ ದಿವಸ ಮಕ್ಕಳಿಗೆ ತಂಗಳ ತಿನಸ್ತೀರೇನ್ರಿ?"

ನಾನು ವಾದಕ್ಕೆ ಸಿದ್ಧನಾಗೇ ಇದ್ದೆ. ಹೋಳಿಗೆ ಯಾವತ್ತು ರುಚಿ? ಮಾಡಿದ ದಿನವೋ, ಮರುದಿನ ಹಂಚಿನ ಮೇಲೆ ಕಾಯಿಸಿ ತುಪ್ಪ ಹಾಕಿದಾಗಲೋ? ಕಟ್ಟಿನ ಸಾರು? ಉಳಿದ ಚಪಾತಿಯನ್ನು ಮುರಿದು ಒಗ್ಗರಣೆ ಕೊಟ್ಟರೆ ನಮ್ಮಲ್ಲೂ ತಿಂಡಿ, ಕೆಳಗಿನ ಮನೆಯವರ ‘ಫೋಡಣೀಚಿ ಪೋಳಿ’ಯೂ ಅದೇ ತಾನೆ? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ನನಗಿಂತ ಒಳ್ಳೇ ಪಾಯಿಂಟು ಹುಡುಕಿದಳು. "ಮೂರನೇ ಮಹಡಿ ಬೆನ್ ಶೀತಳಾ ಸಾತಮಿಗೆ ಕೊಡೂದು ಹಿಂದಿನ ದಿನದ್ದ ಅಲ್ರಿ?"

ಹೌದಲ್ಲ! ಗುಜರಾತಿಗಳಲ್ಲಿ ಜನ್ಮಾಷ್ಟಮಿಯ ಹಿಂದಿನ ದಿನ ಶೀತಳಾ ಸಾತಮ್. ಆವತ್ತು ಒಲೆ ಹಚ್ಚೋ ಹಾಗಿಲ್ಲ. ಒಲೆಯನ್ನು ತಣ್ಣಗೆ ಮಾಡಿ, ತೊಳೆದು, ಪೂಜೆ ಮಾಡ್ತಾರೆ. ಅದಕ್ಕೂ ಹಿಂದಿನ ದಿನ ರಾಂಧಣ ಛಠ್, ಅಂದರೆ ಅಡುಗೆ ಮಾಡುವ ಷಷ್ಠಿ. ಥೇಪ್ಲಾ, ಪೂರಿ, ಸಿಹಿ ಎಲ್ಲ ಆವತ್ತೇ ಮಾಡಿಟ್ಟು ಮರುದಿನ ಮನೆಮಂದಿಯೆಲ್ಲ ತಣ್ಣಗಿನದನ್ನೇ ಉಣ್ಣೋದು. ಉತ್ತರದ ಕಡೆಯವರಿಗೆ ಹೋಳಿಯ ನಂತರ ಬರುವ ಬಸೋಡಾ ಹಬ್ಬದಲ್ಲೂ ಇದೇ ಕ್ರಮ. ದೇವಿಗೂ ತಂಗಳದ್ದೇ ನೈವೇದ್ಯ. ಶಾಸ್ತ್ರ ಏನಾದರೂ ಇರಲಿ, ವರ್ಷಕ್ಕೊಂದು ದಿನವಾದರೂ ಒಲೆಗೂ ಒಲೆಯ ಮುಂದೆ ನಿಲ್ಲುವವಳಿಗೂ ರಜೆ. ನಮ್ಮ ಬ್ಯಾಂಕಿನವರಿಗೆ ಎಷ್ಟೊಂದು ರಜೆ ಇವೆ ನೋಡಿ!

"ನೈವೇದ್ಯ ಸಂಜೀಕ ಹೊಸಾದು ಮಾಡೂಣು" ಅನ್ನೋ ಷರತ್ತಿನ ಮೇಲೆ ಮಂಜೂರಾತಿ ಸಿಕ್ಕಿತು. ಇನ್ನೊಂದು ಷರತ್ತು, ಮೊಟ್ಟೆ ಕೂಡದು.

ಮೊಟ್ಟೆಯ ಕೆಲಸ ಅಂದರೆ ಬಿಸಿಗೆ ಗಟ್ಟಿಯಾಗಿ ಎಲ್ಲವನ್ನೂ ಹಿಡಿದುಕೊಳ್ಳೋದು. ಆ ಕೆಲಸ ಮಾಡೋ ಸಸ್ಯಾಹಾರಿ ಯಾರಪ್ಪಾ ಅಂತ ಯೋಚಿಸಿದರೆ, ನಮ್ಮ ಝುಣಕ! ಕಡಲೆಹಿಟ್ಟು ಮಜ್ಜಿಗೆ ಸೇರಿ ಕಾದರೆ ಗಟ್ಟಿಯಾಗಲೇಬೇಕು. ಗುಜರಾತಿಗಳ ಖಾಂಡ್ವಿ ನಿಂತಿರೋದೂ ಇದರ ಮೇಲೆಯೇ.

ಭಾನುವಾರ ಟ್ರಯಲ್ ನಡೆಸಿದೆ. ಆವತ್ತೇ ತಂದ ಮೆತ್ತನೆ ಬ್ರೆಡ್ಡು ಹಾಕಿದೆ, ಒಳ್ಳೆಯದನ್ನೇ ಹಾಕಬೇಕಲ್ಲ ಅಂತ. ರಾತ್ರಿ ನೆನೆಸಿ ಬೆಳಗ್ಗೆ ಬೇಯಿಸಿದರೆ ಬಂದದ್ದು ಹಳದಿ ಅಂಬಲಿ. ಮಗ ಚಮಚ ಅಲ್ಲಾಡಿಸಿ, "ಪಪ್ಪಾ, ಇದು ಎನ್‌ಪಿಎ" ಅಂದ. ಆಂಟಿಗೆ ಫೋನ್ ಮಾಡಿದೆ. "ತಾಜಾ ಬ್ರೆಡ್ ಹಾಕಿದಿರಾ? ಅದಕ್ಕೇ ಮಾರಾಯರೆ. ಹಳತು ಆಗಿರಬೇಕು. ಗಟ್ಟಿ ಇದ್ದದ್ದು ಕುಡಿದರೂ ನಿಲ್ತದೆ, ಮೆತ್ತಗಿದ್ದದ್ದು ಕುಡಿದರೆ ಬೀಳ್ತದೆ." ಈ ಮಾತು ಬ್ರೆಡ್ಡಿಗೆ ಮಾತ್ರ ಹೇಳಿದರೋ, ಗೊತ್ತಿಲ್ಲ!

ಬ್ರೆಡ್ಡು ತಂಗಳಾಗೋದು ಅಂದರೆ ಬರೀ ಒಣಗೋದು ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಬೇಯುವಾಗ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿರುತ್ತೆ. ಆರಿದ ಮೇಲೆ ಅದು ಮೆಲ್ಲಗೆ ಮತ್ತೆ ಸಾಲುಗಟ್ಟಿ ಗಟ್ಟಿಯಾಗುತ್ತೆ. ಫ್ರಿಜ್ಜಿನಲ್ಲಿಟ್ಟರೆ ಹೊರಗಿಗಿಂತ ಬೇಗ. ಬೂಷ್ಟು ಬರದಿರಲಿ ಅಂತ ಫ್ರಿಜ್ಜಿನಲ್ಲಿಟ್ಟ ಬ್ರೆಡ್ಡು ಮರುದಿನವೇ ರಟ್ಟಿನ ಹಾಗಾಗೋದು ಇದಕ್ಕೇ. ಆದರೆ ಮತ್ತೆ ಚೆನ್ನಾಗಿ ಕಾಯಿಸಿದರೆ ಆ ಸಾಲು ಸಡಿಲಾಗಿ ಬ್ರೆಡ್ಡು ಮೆತ್ತಗಾಗುತ್ತೆ. ನೋಡಿದಿರಾ, ದುಡ್ಡು ಎಲ್ಲೂ ಹೋಗಿರೋದಿಲ್ಲ! (ಬೂಷ್ಟು ಹಿಡಿದದ್ದು ಮಾತ್ರ ಬೇರೆ ಮಾತು. ಅದಕ್ಕೆ ಹೊಸ ತಾರೀಖು ಹಾಕೋಕೆ ಆಗೋಲ್ಲ, ಎಸೆದುಬಿಡಿ.)

ಈಗ ಮಾಡೋ ರೀತಿ, ನಾಲ್ಕೈದು ಜನಕ್ಕೆ. ಎರಡು ದಿನ ಹಳೆಯ ಎಂಟು ಸ್ಲೈಸು, ಇಲ್ಲವೇ ಒಂದು ಲಾದಿ ಪಾವು. ಮುಂಬಯಿಯವರಿಗೆ ಪಾವು ಇನ್ನೂ ಒಳ್ಳೆಯದು. ಸೈಕಲ್ಲಿನವನಿಂದ ಹಿಂದಿನ ದಿನವೇ ತಗೊಂಡು, ಬಿಡಿಸಿ, ತೆಳು ಬಟ್ಟೆ ಮುಚ್ಚಿ ಇಡಿ. ಮಳೆಗಾಲವಾದರೆ ಹೊರಗೆ ಬಿಡಬೇಡಿ, ಓಟಿಜಿಯಲ್ಲಿ ಸಣ್ಣ ಉರಿಗೆ ಹತ್ತು ನಿಮಿಷ ಒಣಗಿಸಿ. ಒಂದು ಕಪ್ಪು ಕಡಲೆಹಿಟ್ಟನ್ನು ಅರ್ಧ ಲೀಟರ್ ದಪ್ಪ ಮಜ್ಜಿಗೆಯಲ್ಲಿ (ಹುಳಿ ಬೇಡ) ಗಂಟಿಲ್ಲದ ಹಾಗೆ ಕಲಸಿ, ಅರಿಶಿನ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಹಾಕಿ. ಎರಡು ಈರುಳ್ಳಿ, ಒಂದು ದೊಣ್ಣಮೆಣಸಿನಕಾಯಿ ಹುರಿದು ಆರಿಸಿಕೊಳ್ಳಿ. ಬೆಣ್ಣೆ ಸವರಿದ ಪಾತ್ರೆಯಲ್ಲಿ ಒಂದು ಪದರು ಬ್ರೆಡ್ಡು, ಒಂದು ಪದರು ಪಲ್ಯ, ಚೀಸು, ಕೊತ್ತಂಬರಿ, ಮತ್ತೆ ಬ್ರೆಡ್ಡು. ಮೇಲೆ ಹಿಟ್ಟು ಸುರಿದು ಕೈಯಿಂದ ಹಗುರಾಗಿ ಒತ್ತಿ. ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ, ನಮ್ಮ ಸೆಕೆಗೆ ಹೊರಗೆ ಇಡಲೇಬೇಡಿ. ಬೆಳಗ್ಗೆ ಹೊರಗೆ ತೆಗೆದು ಅರ್ಧ ಗಂಟೆ ಬಿಟ್ಟು 180 ಡಿಗ್ರಿಯಲ್ಲಿ 45ರಿಂದ 50 ನಿಮಿಷ. ನಡುವೆ ಚಾಕು ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು.

ನಮ್ಮ ಓಟಿಜಿಯೊಳಗಿದ್ದ ಹಪ್ಪಳದ ಡಬ್ಬಿಗಳಿಗೆ ಬೇರೆ ಮನೆ ಹುಡುಕೋದೇ ಅರ್ಧ ಗಂಟೆ ಆಯಿತು ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ.

ಹಬ್ಬದ ಬೆಳಗ್ಗೆ ಎಣ್ಣೆನೀರು, ಆರತಿ ಎಲ್ಲ ಆಯಿತು. ಏಳಕ್ಕೆ ಪಾತ್ರೆ ಒಳಗೆ ಇಟ್ಟೆ. ಎಂಟಕ್ಕೆ ಟೇಬಲ್ಲಿನ ಸುತ್ತ ನಾಲ್ಕು ಜನ: ಪುಣೆಯಿಂದ ಬಂದ ಮಗಳು, ಮಗ, ನಾನು, ಹೊಸ ಸೀರೆ ಉಟ್ಟ ಹೆಂಡತಿ. ಅವಳು ಮೂರು ಸಲ ಎದ್ದು ಅಡುಗೆಮನೆಗೆ ಹೋಗಿ ಬಂದಳು. ಒಲೆ ತಣ್ಣಗಿತ್ತು, ಕಟ್ಟೆ ಒರೆಸಿತ್ತು. ಮಾಡೋಕೆ ಏನೂ ಇರಲಿಲ್ಲ. ಮೂರನೇ ಸಲ ಬಂದು ಕೂತವಳು ಕೈ ಎಲ್ಲಿ ಇಡಬೇಕು ಅಂತ ತಿಳಿಯದವರ ಹಾಗೆ ಬಳೆ ತಿರುಗಿಸ್ತಾ ಇದ್ದಳು.

ಮೊದಲ ತುಂಡು, ಹೊಗೆಯಾಡ್ತಿದ್ದದ್ದು, ಅವಳ ತಾಟಿಗೆ ಹಾಕಿದೆ. ಮಕ್ಕಳು ನನ್ನ ಮುಖ ನೋಡಿದರು. ಅವಳು ಊದಿ, ಒಂದು ಚೂರು ಬಾಯಿಗೆ ಹಾಕಿಕೊಂಡು, ಬ್ಯಾಂಕಿನ ಇನ್ಸ್‌ಪೆಕ್ಟರ್ ರಿಜಿಸ್ಟರ್ ನೋಡೋ ಹಾಗೆ ಗಂಭೀರವಾಗಿ ಅಗಿದಳು.

"ಉಪ್ಪು ಸ್ವಲ್ಪ ಕಡಿಮಿ ಆಗೇತಿ" ಅಂದಳು.

ಆಗಿತ್ತು, ನಿಜ. ಬ್ರೆಡ್ಡಿನಲ್ಲಿ, ಚೀಸಿನಲ್ಲಿ ಉಪ್ಪು ಇರುತ್ತೆ ಅಂತ ಕೈ ಹಿಡಿದಿದ್ದೆ. ನಾನು ಮಕ್ಕಳಿಗೆ ಬಡಿಸೋದರಲ್ಲಿದ್ದೆ. ಆಗ ಅವಳು ತಾಟು ನನ್ನ ಕಡೆ ಸರಿಸಿ, ಯಾರ ಮುಖವನ್ನೂ ನೋಡದೆ ಹೇಳಿದಳು:

"ಇನ್ನೊಂದ ಹಾಕ್ರಿ. ಆ ಮೂಲೀದ, ಕೆಂಪಗಾಗಿದ್ದು."

ಅವಳಿಗೆ ಅವ್ವನ ಆ ದಿನದ ಮಾತು ನೆನಪಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ನರಕ ಚತುರ್ದಶಿಯ ತಿಂಡಿ ಇದೇ. ಉಪ್ಪು ಈಗ ಸರಿ ಬೀಳುತ್ತೆ. ನೀವೂ ಒಂದು ಹಬ್ಬಕ್ಕೆ ಮಾಡಿ ನೋಡಿ. ಬ್ರೆಡ್ಡು ಮಾತ್ರ ಎರಡು ದಿನ ಮೊದಲೇ ತಂದಿಡೋದನ್ನು ಮರೀಬೇಡಿ.